ಪಕ್ಕದ ಮನೆಯ ಬಾಗಿಲು

ಎದೆಗೆ ಕೆಂಪು ರಿಬ್ಬನ್ನಿನ ಹೂ ಸಿಕ್ಕಿಸಿಕೊಂಡು ಹೊಸ್ತಿಲಾಚೆ ನಿಂತಿದ್ದ ಅಭ್ಯರ್ಥಿಯ ಮುಖವನ್ನು ಓಲ್ವೆನ್ ನೋಡಿದಳು. ಅವನು ಚಾಚಿದ ಕೈಯನ್ನು ಮುಟ್ಟಲಿಲ್ಲ.

"ಇವರೇ ನಮ್ಮ ಲಾಕ್‌ವುಡ್ ಸಾಹೇಬರು, ಲಂಡನ್ನಿನ ದೊಡ್ಡ ವಕೀಲರು," ಎಂದ ಲೇಬರ್ ಪಕ್ಷದ ಐವರ್. ಓಟಿನ ಕಾಲ ಬಂದಾಗ ಮಾತ್ರ ಅವನಿಗೆ ಈ ಮನೆ ನೆನಪಾಗುತ್ತಿತ್ತು. "ನಿನ್ನನ್ನ ಕೇಳೋದೇನು ಬಂತು, ಕಿಟಕೀಲಿ ಆಗಲೇ ಇವರ ಹೆಸರು ಅಂಟಿಸಿದ್ದೀಯಲ್ಲ!"

"ಅದು ಪಕ್ಷಕ್ಕೆ. ನನ್ನ ಗಂಡ ಎಮ್ರಿಸ್ ಪ್ರತಿ ಚುನಾವಣೆಗೂ ಅಂಟಿಸ್ತಿದ್ದ, ನಾನೂ ಅಂಟಿಸ್ತೀನಿ. ವಕೀಲರೇ, ನನ್ನ ಗುರುತು ಸಿಕ್ಕಲಿಲ್ವಾ?"

ಸಿಕ್ಕಿತ್ತು. ಯುದ್ಧಕ್ಕೂ ಮುಂಚೆ ಇಲ್ಲಿಯ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸಿಡಿದು ಗಂಡಸರು ಸತ್ತಾಗ, ಕಾರ್ಡಿಫ್‌ನಲ್ಲಿ ನಡೆದ ವಿಚಾರಣೆಯಲ್ಲಿ ಗಣಿ ಕಂಪನಿಯ ಪರ ವಾದಿಸಿದ ವಕೀಲ ಇದೇ ಲಾಕ್‌ವುಡ್. ಈ ಬೀದಿಯಿಂದ ಸಾಕ್ಷಿ ಹೇಳಲು ಹೋದವಳು ಓಲ್ವೆನ್ ಒಬ್ಬಳೇ. ನಿಮ್ಮ ಗಂಡ ಸಿಗರೇಟು ಸೇದುತ್ತಿದ್ದನೇ ಎಂದು ಕೇಳಿದ. ಮನೆಯಲ್ಲಿ, ಊಟವಾದ ಮೇಲೆ ಎಂದು ಅವಳು ಹೇಳಹೊರಟರೆ ತಡೆದು, ಹೌದು ಅಥವಾ ಇಲ್ಲ ಅಷ್ಟೇ ಹೇಳಿ ಎಂದ. ಹೌದು ಎಂದಳು. ಅಷ್ಟಕ್ಕೇ, ಗಣಿಯೊಳಗೆ ಕಡ್ಡಿ ಗೀರಿದವನು ಎಮ್ರಿಸ್ ಎಂದು ತೀರ್ಪಾಯಿತು. ಎಂಥ ನ್ಯಾಯ! ಸತ್ತವನೇ ಅಪರಾಧಿಯಾದ, ಬೀದಿಯವರು ಅವನ ಹೆಂಡತಿಯ ಜೊತೆ ಮಾತು ಬಿಟ್ಟರು.

"ನಮ್ಮ ವೃತ್ತಿ ಸಾಲಲ್ಲಿ ನಿಂತ ಬಾಡಿಗೆ ಗಾಡಿ ಇದ್ದ ಹಾಗಮ್ಮ," ಲಾಕ್‌ವುಡ್ ಮೆಲ್ಲಗೆ ಹೇಳಿದ. "ಮೊದಲು ಬಂದವರನ್ನ ಹತ್ತಿಸ್ಕೊಳ್ಳಲೇಬೇಕು. ಒಲ್ಲೆ ಅನ್ನೋ ಹಾಗಿಲ್ಲ."

"ಹತ್ತಿಸ್ಕೊಳ್ಳಿ, ಯಾರು ಬೇಡ ಅಂದ್ರು? ನನ್ನ ಗಂಡನ ಮೇಲೆ ಹರಿಸಬೇಕು ಅಂತಲೂ ನಿಯಮ ಇದೆಯಾ?" ಅವಳ ದನಿ ಏರಲಿಲ್ಲ. "ಅನಿಲ ತುಂಬದ ಹಾಗೆ ಗಣಿಗೆ ಗಾಳಿ ಕೊಡೋ ಫ್ಯಾನು ಹಿಂದಿನ ದಿನವೇ ಕೆಟ್ಟು ನಿಂತಿತ್ತು. ಎಮ್ರಿಸ್ ಊಟಕ್ಕೆ ಕೂತಾಗ ಹೇಳಿದ್ದ. ನಿಮಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ಗೊತ್ತಿತ್ತು. ಗಣಿಯ ಮ್ಯಾನೇಜರೇ ಅವನ ಮುಂದೆ ಬಾಯಿಬಿಟ್ಟಿದ್ದ. ಆದರೆ ಕಕ್ಷಿದಾರನ ಗುಟ್ಟನ್ನು ಹೊರಗೆ ಹಾಕಿದರೆ ವಕೀಲಿಕೆ ಹೋಗುತ್ತದೆ. ಈ ಕಣಿವೆಯ ಕ್ಷೇತ್ರದಲ್ಲಿ ಗೆದ್ದರೆ ಸಿಗಲಿದ್ದ ಮಂತ್ರಿಗಿರಿಯೂ ಹೋಗುತ್ತದೆ. ಅವನು ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಐವರ್ ಬೀದಿಯತ್ತ ನೋಡತೊಡಗಿದ.

"ಹೌದು," ಎಂದ ಲಾಕ್‌ವುಡ್, ಅವಳಿಗಷ್ಟೇ ಕೇಳುವಂತೆ.

ಓಲ್ವೆನ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನನಗೆ ಹೇಳಿ ಏನು ಬಂತು? ಪಕ್ಕದ ಮನೆ ಪ್ರೋಸರ್ ಅಮ್ಮನಿಗೆ ಹೇಳಿ. ಅವಳ ಇಬ್ಬರು ಹುಡುಗರೂ ಅವತ್ತೇ ಹೋದರು. ಎಮ್ರಿಸ್ ಅಲ್ಲ ಅಂತ ಅವಳೊಬ್ಬಳು ನಂಬಿದ್ರೆ ಸಾಕು ನಂಗೆ. ಇನ್ನೇನೂ ಬೇಡ."

ಲಾಕ್‌ವುಡ್ ಆಗಲಿ ಎಂಬಂತೆ ತಲೆಯಾಡಿಸಿ ಪಕ್ಕದ ಬಾಗಿಲು ತಟ್ಟಿದ. ಮುದುಕಿ ಪ್ರೋಸರ್ ಕೈ ಒರೆಸಿಕೊಳ್ಳುತ್ತ ಬಂದಳು.

"ಆ ಮನೇಲಿ ಏನು ಸ್ವಾಮಿ ಅಷ್ಟೊತ್ತು ಮಾತು? ನನ್ನ ಮಕ್ಕಳನ್ನ ಸುಟ್ಟವನ ಹೆಂಡ್ತಿ ಅವಳು!"

ಓಲ್ವೆನ್ ಇನ್ನೂ ಹೊಸ್ತಿಲಲ್ಲೇ ಇದ್ದಳು. ಅಂಟಿಕೊಂಡ ಮನೆಗಳು, ಆಡಿದ್ದೆಲ್ಲ ಕೇಳಿಸುತ್ತದೆ. ಲಾಕ್‌ವುಡ್ ಬಾಯಿ ತೆರೆದ. ಐವರ್ ಅವನ ತೋಳನ್ನು ಮೆಲ್ಲಗೆ ಅದುಮಿದ.

"ಈ ಸಲ ನಿಮ್ಮ ಓಟು ನಮಗೇ ಅಲ್ವಾ ತಾಯಿ?" ಎಂದ ಲಾಕ್‌ವುಡ್.

ಪಕ್ಕದಲ್ಲಿ ಓಲ್ವೆನ್‌ಳ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವಳ ಕಿಟಕಿಯಲ್ಲಿ ಅವನ ಹೆಸರು ಹಾಗೇ ಇತ್ತು.