ಜಾನಕಮ್ಮನ ಎಡೆ

ಬಣ್ಣ ಹಚ್ಚಿಕೊಳ್ಳುತ್ತಿದ್ದ ಮರಮ್ಮನ ಕೈ ಹಿಡಿದು, ಅದು ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆಯೇ ಆ ಹೆಂಗಸು ಉಸಿರು ಬಿಟ್ಟಳು.

"ತಪ್ಪಾಗೋಯ್ತು ಕಣ್ರವ್ವಾ," ಎಂದಳು. "ಮಾಲಯದ ಅಮಾಸೇಲಿ ನಿಮ್ಗೆ ಎಡೆ ಇಟ್ಬುಟ್ಟೆ."

ರಾವಂದೂರಿನ ಶಾಲೆಯ ಕೋಣೆ. ಕಿಟಕಿಯಿಂದ ಬಂದ ಸಂಜೆಯ ಕೆಂಪು ಬೆಳಕು ಕನ್ನಡಿಯೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಅಂಗಳದಲ್ಲಿ ಹಾರ್ಮೋನಿಯಂ ಎಲ್ಲೋ ದೂರದಿಂದೆಂಬಂತೆ ಶ್ರುತಿ ಹಿಡಿಯುತ್ತಿತ್ತು. ಊರ ಗಂಡಸರು ಆಡುವ ಪೌರಾಣಿಕ ನಾಟಕಕ್ಕೆ ಹೆಣ್ಣು ಪಾತ್ರಗಳನ್ನು ಹೊರಗಿನಿಂದ ಕರೆಸುವುದು ಈ ಕಡೆಯ ರೂಢಿ. ಹಾಗೆ ಕರೆಸಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹಳ್ಳಿಗಳಲ್ಲೆಲ್ಲ ಹರೆಯದಲ್ಲಿ ರಾಣಿಯಾಗಿ, ಈಗ ರಾಜಮಾತೆಯಾಗಿ ನಿಂತವಳು ಮರಮ್ಮ. ಕರಪತ್ರದಲ್ಲಿ ಅವಳು ಮೈಸೂರು ಮಂಜುಳಾ. ಟೀವಿ ಧಾರಾವಾಹಿಯಲ್ಲಿ ಜಾನಕಮ್ಮ. ಮರಮ್ಮ ಎಂದು ಕರೆಯುತ್ತಿದ್ದ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಶ್ರಾವಣದಲ್ಲಿ ಧಾರಾವಾಹಿಯವರು ಜಾನಕಮ್ಮನನ್ನು ಸಾಯಿಸಿಬಿಟ್ಟಿದ್ದರು. ಈಗ ಧಾರಾವಾಹಿಯ ಮನೆಯ ಗೋಡೆಯ ಮೇಲೆ ಅವಳ ಫೋಟೋ ಇತ್ತು, ಅದಕ್ಕೊಂದು ಗಂಧದ ಹಾರ. ಮಗಳ ಪಾತ್ರದವಳು ದಿನವೂ ಅದರ ಮುಂದೆ ನಿಂತು ಅಳುತ್ತಿದ್ದಳು. ಆಮೇಲೆ ಮರಮ್ಮನ ಫೋನು ಹೆಚ್ಚು ಹೊಡೆದುಕೊಳ್ಳಲಿಲ್ಲ. ತನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಟೀವಿಯಲ್ಲಿ ಆ ಫೋಟೋ ನೋಡುವಾಗ ಒಮ್ಮೊಮ್ಮೆ, ತಾನೇ ಗೋಡೆಯ ಮೇಲಿಂದ ಈ ಕೋಣೆಯನ್ನು ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ಎದ್ದು ಹೋಗಿ ನಲ್ಲಿ ತಿರುಗಿಸಿ, ನೀರು ಮುಟ್ಟಿ ಬರುತ್ತಿದ್ದಳು.

ಹೆಂಗಸಿನ ಹೆಸರು ಸೋಮಮ್ಮ. ಇವತ್ತು ರಾಜಮಾತೆಯ ಹಿರಿಮಗನಾಗಿ ಕಿರೀಟ ತೊಡಲಿದ್ದ ಅಣ್ಣಯ್ಯನ ಹೆಂಡತಿ. ಆ ಧಾರಾವಾಹಿಯ ಮನೆಯವರಿಗೆ ಕಾರಿದೆ, ಆಳುಕಾಳಿದೆ, ಪಿತೃಪಕ್ಷ ಬಂದರೂ ಹೆತ್ತವಳಿಗೊಂದು ಎಲೆ ಹಾಕಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಗಿತ್ತು. ಇವತ್ತು ಹಾಕುತ್ತಾರೆ, ನಾಳೆ ಹಾಕುತ್ತಾರೆ ಎಂದು ಕಾದಳು. ಕೊನೆಗೆ ಅಮಾವಾಸ್ಯೆಯ ದಿನ ತನ್ನ ಅತ್ತೆಯ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು. ಅಣ್ಣಯ್ಯ ನಕ್ಕಿದ್ದ. ಈ ಸಂಜೆ ಜಾನಕಮ್ಮ ಜೀವಂತವಾಗಿ ಬಸ್ಸಿಳಿದದ್ದು ಕಂಡಾಗಲೇ ಸೋಮಮ್ಮನಿಗೆ ದಿಗಿಲು ಹತ್ತಿದ್ದು. ಬದುಕಿರುವವರಿಗೆ ಎಡೆ ಇಟ್ಟರೆ ಆಯಸ್ಸು ಸವೆಯುವುದಿಲ್ಲವೇ?

ಮರಮ್ಮ ನಗಬೇಕೆಂದುಕೊಂಡಳು. ಆಗಲಿಲ್ಲ. ಕಟ್ಟಿಕೊಂಡವನು ಎಂದೋ ಬಿಟ್ಟುಹೋಗಿದ್ದ. ಮಕ್ಕಳಿಲ್ಲ. ತಾನು ಹೋದ ಮೇಲೆ ತನ್ನ ಹೆಸರಿಗೆ ಎಲೆ ಹಾಕುವವರು ಯಾರು ಎಂಬ ಮಾತನ್ನು ಅವಳು ಪ್ರತಿ ಸಲವೂ ಬಣ್ಣದ ಜೊತೆಗೇ ತೊಳೆದುಕೊಂಡುಬಿಡುತ್ತಿದ್ದಳು.

"ಏನೇನ್ ಬಡಿಸಿದ್ದೆ?" ಎಂದು ಕೇಳಿದಳು.

"ಪಾಯಸ, ವಡೆ, ಕಡುಬು. ನಿಮ್ಗೇನಿಷ್ಟ ಅಂತ ಗೊತ್ತಾಗ್ನಿಲ್ಲ ಕಣ್ರವ್ವಾ. ದಿನಾ ನೋಡ್ತಿದ್ದೆ. ಯಾವತ್ತೂ ಎಲ್ರಿಗೂ ಬಡಿಸ್ತಾನೇ ಇದ್ರಿ. ಕುಂತು ಉಂಡದ್ದ ಒಂದಿನಾನೂ ಕಾಣ್ನಿಲ್ಲ."

ಬಣ್ಣದ ಕಡ್ಡಿ ಹಣೆಯ ಮೇಲೆ ನಿಂತುಬಿಟ್ಟಿತು. ಹೌದು, ಯಾರೂ ಅದನ್ನು ಬರೆದಿರಲಿಲ್ಲ. ರಾಜಮಾತೆಯೂ ಅಳುತ್ತಾಳೆ, ಹರಸುತ್ತಾಳೆ, ಉಣ್ಣುವುದಿಲ್ಲ. ತನಗೇನಿಷ್ಟ? ದೀಪ ಹೋದ ಮನೆಯಲ್ಲಿ ತಡವರಿಸಿದ ಹಾಗೆ ಮರಮ್ಮ ತನ್ನೊಳಗೆ ಹುಡುಕಿದಳು. ಬಹಳ ಹಿಂದಿನಿಂದ, ಚಿಕ್ಕಂದಿನ ಬೀಚನಹಳ್ಳಿಯ ಅಣೆಕಟ್ಟೆಯ ನೀರು ಭೋರ್ಗರೆಯುವುದು ಕೇಳಿಸಿತು. ಅವ್ವ ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿಕಟ್ಟಿ ನಿಂತಿದ್ದಳು. ಅವಳು ಒಡ್ಡಿದ ಬಟ್ಟೆಯಲ್ಲಿ ಸಣ್ಣ ಮೀನುಗಳು ಮಿನುಗಿದವು. ಕೋಣೆಯ ತುಂಬ ಹುಣಿಸೆಹುಳಿ ಕುದಿಯುವ ವಾಸನೆ ಹಬ್ಬಿತು.

"ಎದ್ದೇಳಿ ತಾಯೀ, ನಿಮ್ ಮಗ ರೆಡಿ," ಎಂದು ಬಾಗಿಲಲ್ಲಿ ಅಣ್ಣಯ್ಯ ಕೂಗಿದ. ತಾಯಿಗಿಂತ ಹಿರಿಯ ಆ ಮಗನ ಕಿರೀಟ ಒಂದು ಕಡೆಗೆ ವಾಲಿತ್ತು.

ಸೋಮಮ್ಮ ಕೈಮುಗಿದಳು. "ಮುಂದಿನ ವರ್ಸ ಇಡಾಕಿಲ್ಲ ಬುಡಿ. ನೂರು ಕಾಲ ಬಾಳಿ."

"ನಾನು ಹೋದ್ಮೇಲೆ ಇಡು," ಎಂದಳು ಮರಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಬಿಸಿ ಮುದ್ದೆ, ಹೊಳೆ ಮೀನಿನ ಸಾರು. ಹುಳಿ ಮುಂದಾಗಿರ್ಲಿ."

ಸೋಮಮ್ಮ ಬೆಪ್ಪಾದಳು. "ಏಕಾದಶಿ ಮಾಡೋ ಜಾನಕಮ್ಮೋರು ಮೀನು ತಿಂತಾರಾ?"

"ಅವಳು ತಿನ್ನಾಕಿಲ್ಲ ಕಣವ್ವಾ. ಎಲೆ ಮುಂದೆ ನಿಂತು ಮರಮ್ಮಾ ಅಂತ ಕರಿ."

ಪರದೆ ಸರಿಯಿತು. ದೀಪಗಳ ಬೆಳಕಿನಾಚೆ ಜನರೆಲ್ಲ ಮಬ್ಬಾಗಿ, ನೀರಿನೊಳಗೆ ಕುಳಿತವರಂತೆ ತೋರುತ್ತಿದ್ದರು. ಮುಂದಿನ ಸಾಲಿನಲ್ಲಿ ಒಂದು ಮುಖ ಮಾತ್ರ ಸ್ಪಷ್ಟವಾಗಿ ಕಂಡಿತು. ಸೋಮಮ್ಮ ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸುತ್ತ, ಆ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು.