ಮೊಂಡು ಬಾಣ

ಮೂರನೆಯ ಬಾಣವೂ ಹಳ್ಳ ದಾಟಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಅದು ನೀರಿಗೆ ಬಿದ್ದು ಮುಳುಗಿತು. ಆಚೆ ದಂಡೆಯ ಬಿಲ್ಲುಗಾರ ತಿರುಗಿಯೂ ನೋಡಲಿಲ್ಲ.

ಯಶೋಧಾ ಗೋಡೆ ಗಡಿಯಾರ ನೋಡಿದಳು. ಮೂರು ಗಂಟೆ ಐದು ನಿಮಿಷ. ಮೂರೂವರೆಗೆ ಅವನು ಎಂದಿನಂತೆ ಹೊರಟುಬಿಡುತ್ತಾನೆ. ನಾಳೆ ಹುಡುಕೋಣವೆಂದರೆ ಆಟವೇ ಇರುವುದಿಲ್ಲ. ಪರದೆಯ ಮೇಲ್ತುದಿಯಲ್ಲಿ ಕೆಂಪು ಅಕ್ಷರಗಳು ಓಡುತ್ತಿದ್ದವು: ಈ ಆಟ ಇಂದಿಗೆ ಶಾಶ್ವತವಾಗಿ ಮುಚ್ಚಲಿದೆ.

"ಆ ಬಿದಿರಿನ ಬಿಲ್ಲು ಬಿಡು ತಂಗಿ," ಎಂದ ಮೌನೇಶ್. ಕೊಟ್ಟೂರು ಬಸ್ ನಿಲ್ದಾಣದ ಹಿಂದಿನ ಆ ಬ್ರೌಸಿಂಗ್ ಸೆಂಟರ್ ಅವನದು. "ಬೆಂಕಿ ಬಾಣ ತಗೋ. ಒಂದ ಏಟಿಗೆ ಮಲಗ್ತಾನ."

"ಮಲಗಬಾರ್ದು ಮೌನೇಶಣ್ಣ. ಸತ್ರ ಹೊರಗ ಹೋಗ್ತಾನ."

ಆಟದ ಕಟ್ಟಳೆ ಹಾಗಿತ್ತು. ಅಪರಿಚಿತರಿಬ್ಬರು ಮಾತಾಡಬೇಕಾದರೆ ಒಬ್ಬರ ಬಾಣ ಇನ್ನೊಬ್ಬರಿಗೆ ತಾಗಬೇಕು. ತಾಗಿದರೆ ಕೆಳಗೊಂದು ಕಿಟಕಿ ತೆರೆಯುತ್ತದೆ, ಅದರಲ್ಲಿ ಬರೆಯಬಹುದು. ಸತ್ತವನು ಮಾತ್ರ ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಇಂಥ ಕಟ್ಟಳೆ ಮಾಡಿದ ಮಹಾನುಭಾವ ಕೈಗೆ ಸಿಕ್ಕಿದ್ದರೆ ಯಶೋಧಾ ಅವನನ್ನು ಕಚ್ಚಿಬಿಡುತ್ತಿದ್ದಳು.

ಆಚೆ ದಂಡೆಯವನ ತಲೆಯ ಮೇಲೆ ಹೆಸರು ಹೊಳೆಯುತ್ತಿತ್ತು: ಹುಲುಗ91. ಅವಳ ತಮ್ಮ. ಹದಿನಾಲ್ಕು ತಿಂಗಳ ಹಿಂದೆ, ಪಿಯುಸಿ ಫಲಿತಾಂಶ ಬಂದ ದಿನ, ಅಪ್ಪ ಗಾದೆಪ್ಪ ಬೆಲ್ಟು ಬಿಚ್ಚಿ ಬಡಿದು, "ಹೋಗಲೇ, ಆ ಆಟದಾಗ ಸಂಸಾರ ಮಾಡು" ಅಂದಿದ್ದ. ಹುಡುಗ ಹೋಗಿಯೇಬಿಟ್ಟ. ಪೊಲೀಸರಿಗೆ ಫೋಟೊ ಕೊಟ್ಟದ್ದಾಯಿತು, ಉಚ್ಚಂಗೆಮ್ಮನಿಗೆ ಹರಕೆ ಹೊತ್ತದ್ದಾಯಿತು. ಅಪ್ಪ ಅವನ ನೋಟ್‌ಬುಕ್ಕುಗಳನ್ನೆಲ್ಲ, ಆಟದ ಪಾಸ್‌ವರ್ಡ್ ಗೀಚಿಟ್ಟದ್ದನ್ನೂ ಬಿಡದೆ, ಚೀಲಕ್ಕೆ ತುಂಬಿ ಎಲ್ಲಿಗೋ ಒಯ್ದ. "ಈ ಮನ್ಯಾಗ ಆ ಹೆಸರು ಎತ್ತಬ್ಯಾಡ್ರಿ" ಎಂದ. ಅಂದಿನಿಂದ ಅವ್ವ ಹೆಸರೆತ್ತದೆ ಅಳುವುದನ್ನು ರೂಢಿಸಿಕೊಂಡಳು.

ಅಪ್ಪ ಬಸ್ ಕಂಡಕ್ಟರ್. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಅವನ ಬಸ್ಸು ಹರಪನಹಳ್ಳಿಯಲ್ಲಿರುತ್ತದೆ, ಉಳಿದ ದಿನ ಕೊಟ್ಟೂರು ನಿಲ್ದಾಣದಲ್ಲೇ. ಹಾಗಾಗಿ ಕೂಡ್ಲಿಗಿಯಿಂದ ಇಲ್ಲಿನ ಕಾಲೇಜಿಗೆ ಬರುವ ಯಶೋಧಾಗೆ ವಾರಕ್ಕೆ ಆ ಎರಡು ದಿನ ಮಾತ್ರ ಧೈರ್ಯ. ಸುಳ್ಳು ಹೆಸರಿಟ್ಟುಕೊಂಡು ಆಟ ಕಲಿತು ಆರು ವಾರವಾಗಿತ್ತು. ತಮ್ಮನ ಹೆಸರು ಕಣ್ಣಿಗೆ ಬಿದ್ದು ಮೂರು ವಾರ.

"ಅವ್ನ ಅಂತ ಹೆಂಗ ಹೇಳ್ತಿ?" ಮೌನೇಶ್ ಕುರ್ಚಿ ಎಳೆದುಕೊಂಡ.

"ನೀರಿಗೆ ಬಾಯಿ ಹಚ್ಚಿದ ಜಿಂಕಿಗೆ ಬಾಣ ಬಿಡಂಗಿಲ್ಲ ನೋಡ್ರಿ. ಬಿಲ್ಲು ಇಳಿಸಿ ನಿಲ್ತಾನ. ಅದು ನಮ್ಮ ಮನಿ ಪದ್ಧತಿ."

ಬೇಟೆಯ ಮನೆತನ ಅವರದು. ಬೇಟೆ ನಿಂತುಹೋದ ಮೇಲೂ ಅಜ್ಜ ಪಾಲಯ್ಯ ಮಕ್ಕಳು, ಮೊಮ್ಮಕ್ಕಳು ಎಲ್ಲರ ಕೈಗೂ ಒಮ್ಮೆ ಬಿಲ್ಲು ಕೊಟ್ಟು, ಈ ಮಾತನ್ನು ಕಿವಿ ಹಿಂಡಿ ಹೇಳಿಕೊಟ್ಟಿದ್ದ.

"ಇಲ್ಲಿ ಆಡುವಾಗ ಹುಲುಗ ಒಂದು ಜಿಂಕಿನೂ ಬಿಡ್ತಿರ್ಲಿಲ್ಲವ್ವ," ಎಂದ ಮೌನೇಶ್. "ನೀರು ಕುಡೀಲಿ, ಮಲಗಿರ್ಲಿ. ಬೆಂಕಿ ಬಾಣನ ಬೇಕು ಅವ್ನಿಗೆ."

"ಮನಿ ಬಿಟ್ಟ ಮ್ಯಾಲ ಬುದ್ಧಿ ಬಂದೈತಿ."

ಆಯುಧಗಳ ಪುಟ ತೆರೆದಳು. ಅವಳು ಗಳಿಸಿದ್ದ ಅಂಕಗಳಿಗೆ ಒಂದು ಬಿಲ್ಲು, ಒಂದೇ ಬಾಣ. ಚಿನ್ನದ ಬಿಲ್ಲು ಮದುಮಗನಂತೆ ಮಿಂಚುತ್ತಿತ್ತು, ಆದರೆ ಬಿದಿರಿನದಕ್ಕಿಂತ ದೂರ ಹೋಗುವುದಿಲ್ಲ. ಮಂಜಿನ ಬಿಲ್ಲು ತಾಗಿದವನನ್ನು ಮರಗಟ್ಟಿಸುತ್ತದೆ. ಮರಗಟ್ಟಿದವನು ಏನು ಬರೆದಾನು? ಕೊಂಬಿನ ಬಿಲ್ಲೊಂದೇ ಹಳ್ಳ ದಾಟಿಸಬಲ್ಲದು. ಅದರ ಹೆದೆ ಎಳೆಯುವುದು ನಿಧಾನ, ಗುರಿ ಅಲುಗಾಡದೆ ನಿಲ್ಲಬೇಕು. ಇರಲಿ ಎಂದು ಅದನ್ನೇ ತೆಗೆದುಕೊಂಡಳು.

ಬಾಣಗಳ ಸಾಲಿನಲ್ಲಿ ಬೆಂಕಿಯದು, ವಿಷದ್ದು, ಮೂರು ಮೊನೆಯದು. ಎಲ್ಲವೂ ಕೊಲ್ಲುವಂಥವೇ. ಯಾರೂ ಮುಟ್ಟದ ಕೊನೆಯ ಮೂಲೆಯಲ್ಲಿ ಮೊಂಡು ಬಾಣವಿತ್ತು. ಮೊನೆಯ ಜಾಗದಲ್ಲಿ ಕಟ್ಟಿಗೆಯ ಗುಂಡು. ಹಕ್ಕಿ ಕೆಡವಲು ಅಜ್ಜ ಇಂಥದ್ದನ್ನೇ ಕೆತ್ತುತ್ತಿದ್ದ.

"ಅದನ್ಯಾಕ ತಗೊಂತಿ? ಸೊಳ್ಳಿನೂ ಸಾಯಂಗಿಲ್ಲ ಅದಕ್ಕ."

"ಅದಕ್ಕ ತಗೊಂಡೆ."

ಮೂರೂ ಇಪ್ಪತ್ತು. ಆಚೆಯವನು ದಂಡೆಯುದ್ದಕ್ಕೂ ನಡೆಯುತ್ತಲೇ ಇದ್ದ, ಯಾರನ್ನೋ ಹುಡುಕುವವನ ಹಾಗೆ. ಒಂದು ಕ್ಷಣ ನಿಲ್ಲಬಾರದೆ? ಯಶೋಧಾಳ ಅಂಗೈ ಬೆವೆತು ಮೌಸ್ ಜಾರುತ್ತಿತ್ತು. ಫ್ಯಾನಿನ ಸದ್ದು ನಿಧಾನವಾದಂತೆನಿಸಿ, ಕರೆಂಟ್ ಹೋಯಿತೆಂದೇ ಹೆದರಿದಳು. ಹೋಗಿರಲಿಲ್ಲ.

ಇಪ್ಪತ್ತಾರಕ್ಕೆ ಪೊದೆಯಿಂದ ಜಿಂಕೆಯೊಂದು ಬಂದು ನೀರಿಗೆ ಬಾಯಿಟ್ಟಿತು. ಅವನು ಬಿಲ್ಲು ಇಳಿಸಿ ನಿಂತ.

ಯಶೋಧಾ ಹೆದೆ ಎಳೆದಳು. ಭಾರದ ಬಾಣ, ಗೇಣು ಮೇಲಕ್ಕೆ ಗುರಿ ಇಟ್ಟಳು. ಬಿಟ್ಟಳು. ಬಾಣ ಹಳ್ಳದ ಮೇಲೆ ಬಾಗಿ ಹೋಗಿ ಅವನ ಭುಜಕ್ಕೆ ಬಡಿಯಿತು. ಅವನು ತತ್ತರಿಸಿದ, ಬೀಳಲಿಲ್ಲ. ಕಿಟಕಿ ತೆರೆಯಿತು.

ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಕುಟ್ಟಿದಳು: "ನಾನು ಯಶೋಧಾ. ಎಲ್ಲಿ ಅದಿಯೋ? ಅವ್ವ ಅರ್ಧ ಆಗ್ಯಾಳ. ನಂಗಷ್ಟ ಹೇಳು, ಅಪ್ಪಗ ಹೇಳಂಗಿಲ್ಲ. ಆ ಕಲ್ಲಿಗೆ ನೀನು ಬೇಕಾಗಿಲ್ಲ, ನಮಗ ಬೇಕು."

ಅವಳು ಗಡಿಯಾರ ನೋಡಿದಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಹೊರಟನೇ ಎಂದು ಅವಳು ಅಳತೊಡಗಿದಳು. ಮೂರೂವರೆಯಾಯಿತು. ಅವನು ಹೋಗಲಿಲ್ಲ. ಕಿಟಕಿಯಲ್ಲಿ ಒಂದು ಸಾಲು ಮೂಡಿತು.

"ಯವ್ವಾ ಯಶೋಧಾ, ನಾನು ನಿಮ್ಮಪ್ಪ, ಹರಪನಹಳ್ಯಾಗ ಅದೀನಿ, ಅಜ್ಜನ ಮೊಂಡು ಬಾಣ ನೋಡಿ ನೀನ ಹುಲುಗ ಇರಬೇಕು ಅಂದ್ಕೊಂಡಿದ್ದೆ."