ನಾಯಿಗೆಂದು ಎಸೆದ ರೊಟ್ಟಿ

ಜಾಗತಿಕ ವ್ಯಾಪಾರ ಒಕ್ಕೂಟದ ಸದಸ್ಯರಲ್ಲದವರಿಗೆ ಏನನ್ನೂ ಮಾರುವಂತಿಲ್ಲ, ಪುಕ್ಕಟೆ ಕೊಡುವಂತೆಯೂ ಇಲ್ಲ. ಆದ್ದರಿಂದ ಖಾನಾವಳಿಯ ನೀಲವ್ವ ದಿನಾ ಮೂರು ರೊಟ್ಟಿಯನ್ನು ನಾಯಿಗೆಂದು ಬೀದಿಗೆ ಎಸೆಯುತ್ತಿದ್ದಳು. ಎರಡು ವರ್ಷದ ಹಿಂದೆ ಒಕ್ಕೂಟದ ನಿಯಮಕ್ಕೆ ತಂದ ತಿದ್ದುಪಡಿಯನ್ನು ಒಪ್ಪದೆ ಸದಸ್ಯತ್ವ ಕಳೆದುಕೊಂಡ ಮಗ ಈರಪ್ಪ ಅವನ್ನು ಹೆಕ್ಕಿ ತಿನ್ನುತ್ತಿದ್ದ.

ಸೋಮವಾರ ಒಕ್ಕೂಟದ ಗುಮಾಸ್ತ ಹೊಸ ತಿದ್ದುಪಡಿ ತಂದ.

"ಇನ್ನ ಎಸೆಯೂದೂ ವ್ಯಾಪಾರನ, ಯವ್ವಾ. ಮೂರರಾಗ ಎರಡು ಪಾಲು ದೇಶ ಒಪ್ಯಾವು. ಹೆಬ್ಬೆಟ್ಟು ಒತ್ತು. ಒತ್ತಲಿಲ್ಲಂದ್ರ ನೀನೂ ಹೊರಗ."

"ಮತ್ತ ನಾಯಿ ಏನ್ ತಿನ್ನಬೇಕೋ?"

"ನಾಯೀನೂ ಸದಸ್ಯ ಮಾಡಸು." ಅವನು ನಗಲಿಲ್ಲ, ಅದಕ್ಕೂ ಅರ್ಜಿ ಇತ್ತು.

"ನಿಮ್ಮ ಒಕ್ಕೂಟಕ್ಕ ಬೆಂಕಿ ಹಚ್ಚ!" ಎಂದು ನೀಲವ್ವ ಕಾಗದವನ್ನು ದೂಡಿದಳು.

ಗುಮಾಸ್ತ ಹಿಟ್ಟಿನ ಡಬ್ಬಿಗೂ ನಲ್ಲಿಗೂ ಮುದ್ರೆ ಹಾಕಿ, ಅವಳನ್ನು ಹೊರಗೆ ಕಳಿಸಿ ಬಾಗಿಲಿಗೆ ಬೀಗ ಜಡಿದು ಹೋದ. ನೀಲವ್ವ ಸೆರಗಿನಲ್ಲಿದ್ದ ಮೂರು ರೊಟ್ಟಿಯೊಂದಿಗೆ ಬೀದಿಗೆ ಬಂದು ಮಗನ ಪಕ್ಕದಲ್ಲಿ ಕುಳಿತಳು.

"ಎಸೀಬ್ಯಾಡಬೇ, ನಿನ್ನೂ ಹೊರಗ ಹಾಕ್ತಾರ" ಎಂದ ಈರಪ್ಪ.

"ಹಾಕ್ಯಾರ. ಹೊರಗಿನವರು ಹೊರಗಿನವರಿಗೆ ಕೊಟ್ರ ಯಾರೂ ಕೇಳಂಗಿಲ್ಲ. ಕೈ ಚಾಚು."

ಎರಡು ವರ್ಷಗಳಲ್ಲಿ ಮೊದಲ ಸಲ ಅವಳು ರೊಟ್ಟಿಯನ್ನು ಮಗನ ಕೈಯಲ್ಲೇ ಇಟ್ಟಳು. ಹಿಟ್ಟಿದ್ದವರೆಲ್ಲ ಒಕ್ಕೂಟದ ಸದಸ್ಯರೇ; ನಾಳೆ ಇವರಿಬ್ಬರಿಗೆ ಹಿಟ್ಟು ಕೊಡಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.